ಬಾವ್ಯಾಗಿನ ಕಪ್ಪಿ ಈಜಿಂದ ಬ್ರೆಸ್ಟ್‌ಸ್ಟ್ರೋಕ್, ಮೆಡ್ಲೇ ತನಕ: ನಮ್ಮ ಕಡಿ ಹುಡುಗ್ರು ತಯಾರಾಗೋದು ಹೆಂಗ

ಗಂಗಾವತಿ, ಕಾರಟಗಿ, ಸಿಂಧನೂರು ಕಡಿ ಬೆಳದೋರಿಗೆ ಈಜು ಅಂದ್ರ ಎರಡೇ ಜಾಗ, ಒಂದು ಹೊಲದಾಗಿನ ಬಾವಿ, ಇನ್ನೊಂದು ತುಂಗಭದ್ರಾ ಎಡದಂಡಿ ಕಾಲುವಿ. ನಾನೂ ಬಾವ್ಯಾಗ ಕಲ್ತಾವನ. ನಮ್ಮ ಕಾಕಾ ಸೊಂಟಕ್ಕ ಬೆಂಡು ಕಟ್ಟಿ ಮೆಟ್ಲ ಮ್ಯಾಲಿಂದ ದಬ್ಬಿದ್ರು, ನಾಕು ದಿನಕ್ಕ ಬೆಂಡು ಬಿಚ್ಚಿ ಒಗದ್ರು, ಅವತ್ತಿಂದ ತಲಿ ಮ್ಯಾಲೆತ್ತಿಕೊಂಡು ಕಪ್ಪಿ ಹಂಗ ಕಾಲು ಬಡಕೋಂತ ಹೋಗೋದೇ ನಮಗ ಈಜು. ಪಿಯುಸಿಗೆ ಬಳ್ಳಾರಿಗೆ ಹೋದಾಗ ಮೊದಲ್ನೇ ಸಲ ಲೇನ್ ಕಟ್ಟಿದ ಪೂಲ್ ನೋಡಿದೆ, ಎರಡು ವರ್ಷ ದಿನಾ ಐದಕ್ಕ ಎದ್ದು ಪ್ರಾಕ್ಟೀಸ್ ಮಾಡಿದೆ, ಆಮ್ಯಾಲೆ ಬೆಂಗಳೂರಾಗ ಸ್ಟೇಟ್ ಮೀಟ್‌ನ್ಯಾಗ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ, ಅಂದ್ರ ಕಪ್ಪಿ ಈಜಿನ ರೇಸ್‌ಗೆ, ಇಳದೆ. ಗೋಡಿ ಮುಟ್ಟಿ ತಲಿ ಎತ್ತಿ ನೋಡಿದ್ರ ನನ್ನ ಹೆಸರಿನ ಮುಂದ ಟೈಮೇ ಇಲ್ಲ, ಡಿಸ್‌ಕ್ವಾಲಿಫೈ. ಯಾಕಂದ್ರ ನನ್ನ ಬಲಗಾಲಿನ ಪಾದ ಹೊರಗ ತಿರುಗ್ತಿದ್ದಿಲ್ಲ, ಕತ್ರಿ ಹಂಗ ಕೆಳಗ ಬಡೀತಿತ್ತು. ಆ ಎರಡು ವರ್ಷದಾಗ ಒಬ್ರೂ ನನ್ನ ಹಿಂದಿಂದ ನಿಂತು ಕಾಲು ನೋಡಿದ್ದಿಲ್ಲ.

ಈಗ ಸಂಜಿ ಹೊತ್ತು ಹುಡುಗ್ರಿಗೆ ಹೇಳಿಕೊಡ್ತೀನಿ. ವಾರಕ್ಕ ಒಬ್ರಾದ್ರೂ ಬಂದು "ಸರ್ರ, ನಮ್ಮ ಹುಡುಗ ಬಾವ್ಯಾಗ ಮೀನಿನಂಗ ಈಜ್ತಾನ, ಇವನ್ನ ಮುಂದ ತರಾಕ ಏನ್ ಮಾಡ್ಬೇಕ್ರಿ" ಅಂತ ಕೇಳ್ತಾರ. ಅವ್ರಿಗೆಲ್ಲಾ ಒಂದೇ ಕಡಿ ಸಿಗ್ಲಿ ಅಂತ ಇದನ್ನ ಬರೀತಿದೀನಿ, ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಮೊದಲು ಕಾಲುವಿ ಬಗ್ಗೆ. ಪ್ರಾಕ್ಟೀಸ್‌ಗೆ ಅಂತ ಯಾರನ್ನೂ ಕಾಲುವಿಗೆ ಕಳಿಸಬ್ಯಾಡ್ರಿ. ಮ್ಯಾಲೆ ನೀರು ಸುಮ್ನ ಹರದಂಗ ಕಾಣ್ತೈತಿ, ಆದ್ರ ಕಾಂಕ್ರೀಟ್ ಹಾಕಿದ ಇಳಿಜಾರು ದಂಡಿ ಪಾಚಿ ಕಟ್ಟಿ ಜಾರ್ತೈತಿ, ಹಿಡ್ಕೊಳ್ಳಾಕ ಒಂದು ಗಿಡದ ಬೇರೂ ಸಿಗಂಗಿಲ್ಲ, ಸೆಳವಿಗೆ ಸಿಕ್ರ ಒಳ್ಳೆ ಈಜುಗಾರಗೂ ಹೊರಗ ಬರಾಕ ಆಗಂಗಿಲ್ಲ, ಸ್ವಲ್ಪ ಮುಂದ ತೂಬು, ಗೇಟು ಇದ್ರಂತೂ ಕೇಳೋದೇ ಬ್ಯಾಡ. ಬ್ಯಾಸಿಗಿ ಸೂಟಿ ಬಂದ್ರ ನನಗ ಇದೇ ಚಿಂತಿ. ಬಾವಿ ಆದ್ರೂ ದೊಡ್ಡೋರು ದಂಡಿಗೆ ಹಗ್ಗ ಹಿಡ್ಕೊಂಡು ನಿಂತಾಗ ಮಾತ್ರ.

ಈಗ ವಿಷಯಕ್ಕ ಬರೋಣು. ಬಾವ್ಯಾಗ ಕಲ್ತ ಹುಡುಗ್ರಿಗೆ ಬ್ರೆಸ್ಟ್‌ಸ್ಟ್ರೋಕ್ ಯಾಕ ಹೊಂದ್ತೈತಿ ಅಂದ್ರ ಅವ್ರಿಗೆ ನೀರಿನ ಹೆದರಿಕಿ ಇಲ್ಲ, ಆಳದ ಹೆದರಿಕಿ ಇಲ್ಲ, ಕಪ್ಪಿ ಕಾಲು ಅರ್ಧ ಬಂದಿರ್ತೈತಿ. ಹೆದರಿಕಿ ಬಿಡಿಸೋದೇ ದೊಡ್ಡ ಕೆಲ್ಸ ಅನ್ನೋದಕ್ಕ ನೋಡ್ರಿ, ಇಂಗ್ಲೆಂಡಿನ ಆಡಮ್ ಪೀಟಿ ಸಣ್ಣಾವಿದ್ದಾಗ ನೀರು ಕಂಡ್ರ ಅಂಜ್ತಿದ್ದ, ಅಂಥಾವ 2016ರ ರಿಯೋ ಒಲಿಂಪಿಕ್ಸ್‌ನ್ಯಾಗ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದ, 2019ರಾಗ 56.88 ಸೆಕೆಂಡಿಗೆ ಇಳಿಸಿದ. ನಮ್ಮ ಹುಡುಗ್ರಿಗೆ ಆ ಮೊದಲ್ನೇ ಮೆಟ್ಲ ಪುಕ್ಕಟೆ ಸಿಕ್ಕೈತಿ. ಆದ್ರ ಬಾವಿ ಈಜು ಕಲಿಸಿದ ಮೂರು ಚಟ ಬಿಡಿಸ್ಬೇಕು: ತಲಿ ಯಾವಾಗ್ಲೂ ಹೊರಗ ಇಡೋದು, ಕತ್ರಿ ಕಾಲು, ಮತ್ತ ಒಂದ್ ಕ್ಷಣನೂ ಸುಮ್ನಿರದ ಕೈಕಾಲು ಆಡಿಸೋದು. ಮೂರನೇದು ಎಲ್ಲಕ್ಕಿಂತ ಕಠಿಣ. ಬ್ರೆಸ್ಟ್‌ಸ್ಟ್ರೋಕ್‌ನ್ಯಾಗ ಜೋರು ಬರೋದು ಬಡಿಯೋದ್ರಿಂದ ಅಲ್ಲ, ಬಡದ ಮ್ಯಾಲೆ ಕಡ್ಡಿ ಹಂಗ ನೆಟ್ಟಗಾಗಿ ಜಾರೋದ್ರಿಂದ, ಇದು ತಲ್ಯಾಗ ಕುಂತ್ರ ಮುಂದಿಂದೆಲ್ಲಾ ಹಗೂರ.

ಕಾಲಿಂದ ಶುರು ಮಾಡ್ರಿ. ಮೊದಲ ಎರಡು ತಿಂಗಳು ನನ್ನ ಹತ್ರ ಬಂದೋರಿಗೆ ಕಾಲೇ ಕಾಲು, ಅಪ್ಪಂದಿರು ಬೇಜಾರಾಗ್ತಾರ, ಆಗ್ಲಿ. ಹಿಮ್ಮಡಿನ ಕುಂಡಿ ಕಡಿ ತರ್ಬೇಕು, ಮೊಣಕಾಲ್ನ ಹೊಟ್ಟಿ ಕೆಳಗ ಎಳಕೋಬಾರ್ದು, ಹೊಟ್ಟಿ ಕೆಳಗ ತಂದ್ರ ತೊಡಿ ನೀರಿಗೆ ಅಡ್ಡ ನಿಂತು ಬ್ರೇಕ್ ಹಾಕಿದಂಗ ಆಗ್ತೈತಿ. ಮೊಣಕಾಲು ಸೊಂಟದ ಅಗಲಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ. ಹಿಮ್ಮಡಿ ಮ್ಯಾಲೆ ಬಂದ ಕೂಡ್ಲೆ ಪಾದ ಮಡಚಿ ಬೆರಳು ಹೊರಗಡಿ ತಿರುಗಿಸ್ಬೇಕು, ಬಾತುಕೋಳಿ ನಿಂತಂಗ, ಆಮ್ಯಾಲೆ ಪಾದದ ಒಳಮೈಯಿಂದ ನೀರನ್ನ ಹಿಂದಕ್ಕ ಒತ್ತಿ ಸುತ್ತಿ ತಂದು ಎರಡೂ ಪಾದ ಕೂಡಿಸಿ ಬೆರಳು ಚೂಪು ಮಾಡ್ಬೇಕು. ಕೂಡಿಸೋದನ್ನ ಅರ್ಧಕ್ಕ ಬಿಡೋರೇ ಜಾಸ್ತಿ, ಅಲ್ಲೇ ಓಟ ಹೋಗಿಬಿಡ್ತೈತಿ.

ಇದಕ್ಕ ನಾನು ಮಾಡಿಸೋದು ಹಿಂಗ. ಮೊದಲು ದಂಡಿ ಮ್ಯಾಲೆ ಕುಂದ್ರಿಸಿ ಕಾಲು ನೀರಾಗ ಬಿಟ್ಟು ತಮ್ಮ ಪಾದ ತಾವೇ ನೋಡ್ಕೋಂತ ಐವತ್ತು ಸಲ. ಆಮ್ಯಾಲೆ ನೀರಾಗ ಅಂಗಾತ ಮಲಗಿ ಕೈ ತೊಡಿ ಪಕ್ಕ ಇಟ್ಟು ಕಾಲು ಹೊಡಿಯೋದು, ಪ್ರತಿ ಸಲ ಹಿಮ್ಮಡಿ ಕೈ ಬೆರಳಿಗೆ ತಾಗ್ಬೇಕು, ಮೊಣಕಾಲು ನೀರಿಂದ ಮ್ಯಾಲೆ ಬಂತಂದ್ರ ತಪ್ಪು ಅಂತ ಅವ್ರಿಗೇ ಗೊತ್ತಾಗ್ತೈತಿ. ಮೂರನೇದು ಎರಡು ಕಾಲಿಗೆ ಒಂದು ಕೈ, ಅಂದ್ರ ಒಂದ್ಸಲ ಕೈ ಎಳದ್ರ ಎರಡು ಸಲ ಕಾಲು ಹೊಡದು ಜಾರೋದು. ಮತ್ತ ವಾರಕ್ಕ ಒಂದ್ಸಲ ಕಡ್ಡಾಯ, ಮೊಬೈಲ್ ಹಿಡ್ಕೊಂಡು ಹುಡುಗನ ಹಿಂದ, ಲೇನ್ ತುದಿಗೆ ನಿಂತು ವಿಡಿಯೋ ಮಾಡ್ರಿ. ಪಕ್ಕದಿಂದ ಮಾಡಿದ್ರ ಚೆಂದ ಕಾಣ್ತೈತಿ ಆದ್ರ ಪಾದ ಕಾಣಂಗಿಲ್ಲ. ಹಿಂದಿಂದ ನೋಡಿದ್ರ ಎರಡೂ ಪಾದ ಒಂದೇ ಹೊತ್ತಿಗೆ, ಒಂದೇ ಮಟ್ಟದಾಗ ಹೊರಗ ತಿರುಗ್ಯಾವೋ ಇಲ್ಲೋ ಅಂತ ಸ್ಲೋ ಮೋಷನ್‌ನ್ಯಾಗ ಸಾಫ್ ಕಾಣ್ತೈತಿ. ನನ್ನ ಕಾಲದಾಗ ಇದೊಂದು ಇದ್ದಿದ್ರ ಅಂತ ಈಗ್ಲೂ ಅನಸ್ತೈತಿ.

ಕೈದು ಕಾಲಿನಷ್ಟು ತಲಿನೋವಿಲ್ಲ. ಕೈ ಮುಂದ ಚಾಚಿ, ಹೊರಗ ಅಗಲಿಸಿ, ಮೊಣಕೈ ಮ್ಯಾಲೇ ಇಟ್ಟು ಒಳಗ ಬಾಚಿ, ಎದಿ ಮುಂದ ಕೂಡಿಸಿ ಮುಂದಕ್ಕ ದಬ್ಬೋದು. ಭುಜ ದಾಟಿ ಹಿಂದಕ್ಕ ಎಳೀಬಾರ್ದು. ಕೈ ಒಳಗ ಬರೋ ಹೊತ್ತಿಗೆ ತಲಿ ತಾನಾಗೇ ಮ್ಯಾಲೆ ಬರ್ತೈತಿ, ಅವಾಗ ಉಸಿರು, ಗದ್ದ ಎತ್ತಿ ಆಕಾಶ ನೋಡೋದು ಬ್ಯಾಡ. ಎಳಿ, ಉಸಿರು, ಒದಿ, ಜಾರು, ಈ ನಾಕು ಮಾತು ಬಾಯಾಗ ಗುಣಗುಟ್ಟಿಕೋಂತ ಈಜ್ಲಿ. 25 ಮೀಟರ್‌ಗೆ ಎಷ್ಟು ಸಲ ಕೈ ಎಳದ್ರು ಅಂತ ಎಣಿಸ್ರಿ, ಹೊಸಬ ಹುಡುಗ 20 ಎಳಿತಾನ ಅನ್ಕೊಳ್ರಿ, ಟೈಮ್ ಜಾಸ್ತಿ ಆಗದಂಗ ಅದನ್ನ 16ಕ್ಕ ಇಳಿಸಿದ್ರ ಆತ ಈಜು ಕಲೀತಿದಾನ ಅಂತ ಅರ್ಥ, ಟೈಮ್ ಇಳದು ಎಣಿಕಿ ಏರಿದ್ರ ಬರೇ ದಣೀತಿದಾನ ಅಂತ ಅರ್ಥ.

ಇನ್ನ ನಿಯಮ. ಈ ಸ್ಟ್ರೋಕ್‌ನ್ಯಾಗ ಇರೋವಷ್ಟು ಕಟ್ಟು ಬ್ಯಾರೇದ್ರಾಗ ಇಲ್ಲ, ಅದಕ್ಕ ಕಾರಣನೂ ಐತಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ್ಯಾಗ ಜಪಾನಿನ ಮಸಾರು ಫುರುಕಾವಾ 200 ಮೀಟರ್‌ನ ಬಹಳಷ್ಟು ನೀರಿನ ಒಳಗೇ ಈಜಿ ಚಿನ್ನ ಗೆದ್ದ, ಅದಾದ ಮ್ಯಾಲೆ ಹಂಗ ಮುಳುಗಿ ಹೋಗೋದನ್ನ ಬಂದ್ ಮಾಡಿದ್ರು. ಬಟರ್‌ಫ್ಲೈ ಸೈತ ಇದರ ಹೊಟ್ಟ್ಯಾಗ ಹುಟ್ಟಿದ್ದು, ಬ್ರೆಸ್ಟ್‌ಸ್ಟ್ರೋಕ್ ಈಜೋರೇ ಕೈನ ನೀರಿನ ಮ್ಯಾಲಿಂದ ತಂದು ಜೋರು ಹೋಗಾಕ ಶುರು ಮಾಡಿದ್ರು, 1950ರ ದಶಕದಾಗ ಅದನ್ನ ಬ್ಯಾರೆ ಸ್ಟ್ರೋಕ್ ಮಾಡಿದ್ರು. ಈಗಿನ ಲೆಕ್ಕದಾಗ ಪ್ರತಿ ಸುತ್ತಿಗೆ ತಲಿ ನೀರಿನ ಮ್ಯಾಲೆ ಬರ್ಲೇಬೇಕು, ಕೈಕಾಲು ಎರಡೂ ಕಡಿ ಒಂದೇ ಸಮ ಆಡ್ಬೇಕು, ಪಾದ ಹೊರಗ ತಿರುಗಿರ್ಬೇಕು. ಡೈವ್ ಹೊಡದಾಗ ಮತ್ತ ಪ್ರತಿ ಟರ್ನ್ ಆದ ಮ್ಯಾಲೆ ಮಾತ್ರ ನೀರೊಳಗ ಒಂದ್ಸಲ ಕೈನ ತೊಡಿ ತನಕ ಎಳೀಬೋದು, ಮೊದಲ ಕಪ್ಪಿ ಕಾಲಿಗಿಂತ ಮುಂಚೆ ಒಂದೇ ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಕೂಡಿಸಿ ಮೀನಿನ ಬಾಲದಂಗ ಬಡಿಯೋದು) ಹೊಡೀಬೋದು. 2004ರ ಅಥೆನ್ಸ್‌ನ್ಯಾಗ ಜಪಾನಿನ ಕೊಸುಕೆ ಕಿಟಾಜಿಮಾ ಆ ಡಾಲ್ಫಿನ್ ಕಿಕ್ ಹೊಡದ ಅಂತ ದೊಡ್ಡ ಗದ್ದಲ ಆಗಿತ್ತು, ಆಮ್ಯಾಲೇ ಒಂದಕ್ಕ ಒಪ್ಪಿಗಿ ಕೊಟ್ರು. ಆತ 2004, 2008 ಎರಡೂ ಒಲಿಂಪಿಕ್ಸ್‌ನ್ಯಾಗ 100 ಮತ್ತ 200 ಎರಡೂ ಗೆದ್ದಾವ, ಆತನ ಹಳೆ ವಿಡಿಯೋ ಹುಡುಗ್ರಿಗೆ ತೋರಸ್ರಿ, ಆ ಜಾರೋದು ನೋಡೇ ಕಲೀಬೇಕು.

ನೀರೊಳಗಿನ ಆ ಒಂದು ಎಳತಕ್ಕ ಪುಲ್‌ಔಟ್ ಅಂತಾರ. ಎಷ್ಟೋ ಹುಡುಗ್ರು ಇದನ್ನ ಪ್ರಾಕ್ಟೀಸ್‌ನ್ಯಾಗ ಮಾಡಂಗೇ ಇಲ್ಲ, ಉಸಿರು ಕಟ್ತೈತಿ ಅಂತ ಲಗೂನ ಮ್ಯಾಲೆ ಬಂದುಬಿಡ್ತಾರ. 25 ಮೀಟರ್ ಪೂಲ್‌ನ್ಯಾಗ 200 ಈಜಿದ್ರ ಡೈವ್ ಒಂದು, ಟರ್ನ್ ಏಳು, ಒಟ್ಟು ಎಂಟು ಪುಲ್‌ಔಟ್ ಬರ್ತಾವ. ಒಂದೊಂದ್ರಾಗ ಅರ್ಧ ಮೀಟರ್ ಉಳಿಸಿದ್ರೂ ನಾಕು ಮೀಟರ್ ಆತು.

ಮುಟ್ಟೋದು ಎರಡೂ ಕೈಯಿಂದ, ಒಂದೇ ಹೊತ್ತಿಗೆ, ಬಾವಿ ಹುಡುಗ್ರು ಒಂದ್ ಕೈ ಹಾಕಿ ದಂಡಿ ಹಿಡಿಯೋ ಚಟದಾಗ ಇಲ್ಲೇ ಹೊರಗ ಬೀಳ್ತಾರ. ದಿನಾ, ವಾರ್ಮ್‌ಅಪ್‌ನ್ಯಾಗೂ ಎರಡು ಕೈ. ಮುಟ್ಟೋದಕ್ಕ ಎಷ್ಟು ಬೆಲಿ ಐತಿ ಅಂದ್ರ 2024ರ ಪ್ಯಾರಿಸ್‌ನ್ಯಾಗ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಇಟಲಿಯ ಮಾರ್ಟಿನೆಂಗಿ 59.03ಕ್ಕ ಗೆದ್ದ, ಪೀಟಿ ಮತ್ತ ಅಮೆರಿಕದ ನಿಕ್ ಫಿಂಕ್ ಇಬ್ರೂ 59.05, ಇಬ್ರಿಗೂ ಬೆಳ್ಳಿ. ಇದೇ ರೇಸ್‌ನ್ಯಾಗ ಸತತ ಮೂರನೇ ಚಿನ್ನ ಪೀಟಿ ಕೈಯಿಂದ ಜಾರಿದ್ದು ಬರೇ 0.02 ಸೆಕೆಂಡಿಗೆ.

ಮೊಣಕಾಲಿನ ಬಗ್ಗೆ ದಯವಿಟ್ಟು ಸೀರಿಯಸ್ ತಗೊಳ್ರಿ. ಕಪ್ಪಿ ಕಾಲು ಹೊಡದಾಗ ಮೊಣಕಾಲಿನ ಒಳಮಗ್ಗಲ ಲಿಗಮೆಂಟ್ (ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ಪಟ್ಟಿ) ಜಗ್ತೈತಿ, ಬ್ರೆಸ್ಟ್‌ಸ್ಟ್ರೋಕ್ ಈಜೋರಿಗೆ ಬರೋ ಮಾಮೂಲಿ ನೋವು ಅದು. ನನಗೂ ಬಂದಿತ್ತು, ಅವಾಗ ಹೇಳಿಕೊಡ್ತಿದ್ದೋರು "ಇನ್ನೂ ಜಾಸ್ತಿ ಹೊಡಿ, ಬಿಡ್ತೈತಿ" ಅಂದ್ರು, ನಾನೂ ಹೊಡದೆ, ಮೂರು ತಿಂಗಳು ಮೆಟ್ಲ ಇಳಿಯಾಕ ಆಗ್ತಿದ್ದಿಲ್ಲ. ಒಳಮಗ್ಗಲಿಗೆ ನೋವು ಬಂತಂದ್ರ ಅವತ್ತೇ ಕಪ್ಪಿ ಕಾಲು ನಿಲ್ಲಿಸ್ರಿ, ಕಾಲ ಮಧ್ಯ ಪುಲ್‌ಬೋಯ್ (ತೇಲೋ ಫೋಮ್ ತುಂಡು) ಇಟ್ಟು ಬರೇ ಕೈ ಮಾಡಿಸ್ರಿ, ಇಲ್ಲ ಫ್ರೀಸ್ಟೈಲ್ ಈಜ್ಲಿ, ವಾರದಾಗ ಹೋಗ್ಲಿಲ್ಲ ಅಂದ್ರ ಮೂಳಿ ಡಾಕ್ಟರ್‌ಗೋ ಫಿಸಿಯೋಗೋ ತೋರಸ್ರಿ. ನೋವು ಬರದಂಗ ನೋಡ್ಕೊಳ್ಳಾಕ ಸೊಂಟದ ಕೀಲು ಸಡ್ಲ ಇರ್ಬೇಕು, ನಮ್ಮ ಕಡಿ ನೆಲದ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡೋದು, ಕುಕ್ಕರಗಾಲಲ್ಲೆ ಕುಂದ್ರೋದು ಇದಕ್ಕ ಒಳ್ಳೇದೇ, ಬಿಡಬ್ಯಾಡ್ರಿ. ಆದ್ರ ಪಾದ ಎರಡೂ ಕಡಿ ಮಡಚಿ ಕುಂಡಿ ನೆಲಕ್ಕ ಊರಿ ಕುಂದ್ರಿಸಿ ಭುಜ ಒತ್ತೋ ಜಬರದಸ್ತ್ ಸ್ಟ್ರೆಚಿಂಗ್ ಬ್ಯಾಡ.

ಮೆಡ್ಲೇಕ್ಕ ಬರೋಣು. ಮೆಡ್ಲೇ ಅಂದ್ರ ನಾಕೂ ಸ್ಟ್ರೋಕ್ ಕೂಡಿದ ರೇಸ್. ಒಬ್ಬನೇ ಈಜೋ ಇಂಡಿವಿಜುಯಲ್ ಮೆಡ್ಲೇದಾಗ ಮೊದಲು ಬಟರ್‌ಫ್ಲೈ, ಆಮ್ಯಾಲೆ ಬ್ಯಾಕ್‌ಸ್ಟ್ರೋಕ್, ಆಮ್ಯಾಲೆ ಬ್ರೆಸ್ಟ್‌ಸ್ಟ್ರೋಕ್, ಕೊನಿಗೆ ಫ್ರೀಸ್ಟೈಲ್. ನಾಕು ಮಂದಿ ಈಜೋ ರಿಲೇದಾಗ ಬ್ಯಾಕ್ ಮೊದಲು, ಯಾಕಂದ್ರ ಅದು ನೀರಾಗಿಂದ ಶುರು ಆಗೋದು. ಬ್ರೆಸ್ಟ್‌ಸ್ಟ್ರೋಕ್ ಈಜೋ ಹುಡುಗನ್ನ ಮೆಡ್ಲೇಕ್ಕ ತಯಾರು ಮಾಡ್ರಿ ಅಂತ ನಾನು ಯಾಕ ಒತ್ತಿ ಹೇಳ್ತೀನಿ ಅಂದ್ರ, ಈಜುಗಾರ ಈಜುಗಾರನ ನಡುವೆ ಟೈಮ್ ಅಂತರ ಭಾಳ ಬೀಳೋದು ಆ ಮೂರನೇ ಸ್ಟ್ರೋಕ್‌ನ್ಯಾಗ, ಬಟರ್‌ಫ್ಲೈ ಬ್ಯಾಕ್‌ನ್ಯಾಗ ಒಂದೆರಡು ಸೆಕೆಂಡ್ ಹಿಂದ ಇದ್ದಾವ ಇಲ್ಲಿ ಪೂರಾ ದಾಟಿ ಹೋಗ್ತಾನ. ಫ್ರಾನ್ಸಿನ ಲಿಯೋನ್ ಮರ್ಶಾನ್ನ ನೋಡ್ರಿ, ಅಪ್ಪ ಅವ್ವ ಇಬ್ರೂ ಒಲಿಂಪಿಕ್ಸ್‌ನ್ಯಾಗ ಈಜಿದ ಮೆಡ್ಲೇದವ್ರು, ಈತ 2023ರಾಗ ಫುಕುವೋಕಾದಾಗ 400 ಮೆಡ್ಲೇನ 4 ನಿಮಿಷ 2.50 ಸೆಕೆಂಡಿಗೆ ಮುಗಿಸಿ ವಿಶ್ವದಾಖಲೆ ಮಾಡಿದ, ಪ್ಯಾರಿಸ್‌ನ್ಯಾಗ ನಾಕು ಚಿನ್ನ, ಅದರಾಗ 200 ಬಟರ್‌ಫ್ಲೈ ಮತ್ತ 200 ಬ್ರೆಸ್ಟ್‌ಸ್ಟ್ರೋಕ್ ಒಂದೇ ಸಂಜಿ. ಎಲ್ಲಾ ಸ್ಟ್ರೋಕ್ ಕಲ್ತಾವ್ಗೆ ದಾರಿ ಜಾಸ್ತಿ.

ಪ್ರಾಕ್ಟೀಸ್‌ಗೆ 25 ಮೀಟರ್ ಪೂಲ್ ಇದ್ರ ಬೇಜಾರು ಮಾಡ್ಕೊಳಬ್ಯಾಡ್ರಿ, ಮೆಡ್ಲೇಕ್ಕ ಅದು ಚಲೋನ. 100 ಮೆಡ್ಲೇ ಅಂದ್ರ ಒಂದೊಂದು ಲೆಂಥ್ ಒಂದೊಂದು ಸ್ಟ್ರೋಕ್, ಸ್ಟ್ರೋಕ್ ಬದಲಾಗೋ ಟರ್ನ್ ಮೂರೂ ಸಿಗ್ತಾವ. ನಾನು ಮಾಡಿಸೋದು 50ರ ಸೆಟ್, ಬಟರ್‌ಫ್ಲೈಯಿಂದ ಬ್ಯಾಕ್ ನಾಕು, ಬ್ಯಾಕಿಂದ ಬ್ರೆಸ್ಟ್ ಎಂಟು, ಬ್ರೆಸ್ಟಿಂದ ಫ್ರೀ ನಾಕು. ನಡುವಿನದ್ದು ಡಬಲ್ ಯಾಕಂದ್ರ ಅದರಾಗೇ ಹುಡುಗ್ರು ಹೊರಗ ಬೀಳೋದು, ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಅಂಗಾತ ಇದ್ದಂಗೇ ಗೋಡಿ ಮುಟ್ಟಬೇಕು, ಮುಟ್ಟೋದಕ್ಕಿಂತ ಮುಂಚೆ ಬೋರಲಾದ್ರ ಡಿಸ್‌ಕ್ವಾಲಿಫೈ. ಮೊದ್ಲಿಗೆ ಸಾದಾ ಟರ್ನ್ ಸಾಕು, ಅಂಗಾತ ಒಂದ್ ಕೈಲೆ ಮುಟ್ಟಿ, ಕಾಲು ಗೋಡಿಗೆ ತಂದು, ಮಗ್ಗಲಾಗಿ ಒದ್ದು ಪುಲ್‌ಔಟ್. ಉರುಳೋ ಟರ್ನ್ ಆಮ್ಯಾಲೆ ನೋಡೋಣು. ರೇಸ್‌ನ್ಯಾಗ ಬಟರ್‌ಫ್ಲೈಗೆ ಮೈಯೆಲ್ಲಾ ಸುರೀಬಾರ್ದು, ಉದ್ದಕ ಹಗೂರ ಹೋಗಿ, ಬ್ಯಾಕ್‌ನ್ಯಾಗ ಉಸಿರು ತಗೊಂಡು, ಬ್ರೆಸ್ಟ್‌ನ್ಯಾಗ ದುಡ್ಕೋಬೇಕು. ಫ್ರೀಸ್ಟೈಲ್‌ನ್ಯಾಗ ಉಳದಿದ್ದೆಲ್ಲಾ.

ನಮ್ಮ ಬಿಸಲಿಗೆ ತಕ್ಕಂಗ ವಾರ ಜೋಡಿಸ್ರಿ. ಏಪ್ರಿಲ್ ಮೇದಾಗ ರಾಯಚೂರು ಬಳ್ಳಾರಿ 40 ಡಿಗ್ರಿ ದಾಟ್ತಾವ, ಬಯಲು ಪೂಲಿನ ನೀರು ಸಂಜಿಗೆ ಉಗುರುಬೆಚ್ಚಗ ಆಗಿರ್ತೈತಿ, ಬೆಚ್ಚನ ನೀರಾಗ ಜೋರು ಸೆಟ್ ಮಾಡಿದ್ರ ಹುಡುಗ್ರು ಸೋತು ಹೋಗ್ತಾರ, ಹಂಗಾಗಿ ಕಠಿಣ ಸೆಟ್ ಬೆಳಿಗ್ಗೆ ಐದೂವರಿಯಿಂದ ಏಳು, ಸಂಜಿಗೆ ಬರೇ ಟೆಕ್ನಿಕ್. ನೀರಾಗ ಇದ್ರೂ ಬೆವರ್ತಾರ, ದಂಡಿ ಮ್ಯಾಲೆ ನೀರಿನ ಬಾಟ್ಲಿ ಇರ್ಲೇಬೇಕು. ಡಿಸೆಂಬರ್ ಜನವರ್ಯಾಗ ನೀರು ಕೊರೀತೈತಿ, ಅವಾಗ ನೀರಿನ ಟೈಮ್ ಕಡಿಮಿ ಮಾಡಿ ಹಗ್ಗ ಜಿಗಿಯೋದು, ಸ್ಕ್ವಾಟ್, ಪ್ಲ್ಯಾಂಕ್, ರಬ್ಬರ್ ಟ್ಯೂಬ್ ಎಳಿಯೋದು. ಹತ್ತು ವರ್ಷದೊಳಗಿನ ಹುಡುಗ್ರಿಗೆ ವಾರಕ್ಕ ಮೂರ್ನಾಕು ದಿನ ಸಾಕು, 13 ದಾಟಿದ ಮ್ಯಾಲೆ ಐದಾರು ದಿನ. ಊಟಕ್ಕ ಪೌಡರ್ ಡಬ್ಬಿ ಹಿಂದ ಬೀಳಬ್ಯಾಡ್ರಿ, ಪೂಲಿಗೆ ಮುಂಚೆ ಎರಡು ಬಾಳೆಹಣ್ಣು, ಬಂದ ಮ್ಯಾಲೆ ರೊಟ್ಟಿ, ಮೊಳಕಿ ಕಾಳು, ಶೇಂಗಾ ಹಿಂಡಿ, ಮೊಸರು, ತಿನ್ನೋರಾದ್ರ ತತ್ತಿ. ಮಂಡಾಳ ಒಗ್ಗರಣಿ ಮಿರ್ಚಿ ಪ್ರಾಕ್ಟೀಸ್ ಮುಗದ ಮ್ಯಾಲೆ ಭಾನುವಾರ ಒಂದಿನ ಇರ್ಲಿ.

ಮುಂದಿನ ದಾರಿ, ಅಂದ್ರ ಕರಿಯರ್, ಅಪ್ಪ ಅವ್ವ ಕೇಳೋ ನಿಜವಾದ ಪ್ರಶ್ನಿ ಇದು. ಜನ್ಮ ಪ್ರಮಾಣಪತ್ರ, ಆಧಾರ್, ಶಾಲಿ ದಾಖಲಾತಿ ಮೂರ್ರಾಗೂ ಹುಟ್ಟಿದ ತಾರೀಖು ಒಂದೇ ಇರ್ಲಿ, ಈಜಿನ್ಯಾಗ ಎಲ್ಲಾ ವಯಸ್ಸಿನ ಗ್ರೂಪ್ ಮ್ಯಾಲೇ ನಡಿಯೋದು, ವಯಸ್ಸು ಕಡಿಮಿ ಬರಸಿದ್ರ ಒಂದಿನ ಸಿಕ್ಕೇ ಸಿಗ್ತೈತಿ. ಶಾಲಿ ಕ್ರೀಡಾಕೂಟದಾಗ ಜಿಲ್ಲೆ ದಾಟಿದ್ರ ನಮ್ದು ಕಲಬುರಗಿ ವಿಭಾಗ, ಅಲ್ಲಿಂದ ಸ್ಟೇಟ್. ಅದರ ಜೊತಿಗೆ ಕ್ಲಬ್ ಮೂಲಕ ಕರ್ನಾಟಕ ಈಜು ಸಂಸ್ಥೆಯ ಮೀಟ್‌ಗೂ ಹೋಗ್ರಿ, ಗಟ್ಟಿ ಪೈಪೋಟಿ ಇರೋದು ಅಲ್ಲಿ. ಹಂಪಿ ಎಕ್ಸ್‌ಪ್ರೆಸ್‌ಗೆ ಕೊಪ್ಪಳದಾಗೋ ಬಳ್ಳಾರ್ಯಾಗೋ ರಾತ್ರಿ ಹತ್ತಿದ್ರ ಬೆಳಿಗ್ಗೆ ಬೆಂಗಳೂರು, ಆದ್ರ ರೇಸ್ ಇರೋ ದಿನಾನೇ ಇಳಿಯೋ ಹಂಗ ಹೋಗಬ್ಯಾಡ್ರಿ, ಒಂದಿನ ಮೊದಲು ಹೋಗಿ 50 ಮೀಟರ್ ಪೂಲ್‌ನ್ಯಾಗ ಈಜಿಸ್ರಿ, 25ರಾಗ ಕಲ್ತ ಹುಡುಗಗ ಗೋಡಿ ಬರೋದೇ ಇಲ್ಲ ಅನ್ನಿಸಿ ಎದಿ ಒಡೀತೈತಿ.

ರಾಜ್ಯದಿಂದ ಒಲಿಂಪಿಕ್ಸ್‌ಗೆ ಹೋದೋರು, 2000ರಾಗ ನಿಶಾ ಮಿಲೆಟ್, ಟೋಕಿಯೋ ಪ್ಯಾರಿಸ್‌ಗೆ ಶ್ರೀಹರಿ ನಟರಾಜ್, ಪ್ಯಾರಿಸ್‌ಗೆ 14ರ ಧಿನಿಧಿ ದೇಸಿಂಗು, ಬೆಂಗಳೂರಾಗ ತಯಾರಾದೋರು. ಬಸವನಗುಡಿ ಅಕ್ವಾಟಿಕ್ ಸೆಂಟರ್ ಅಂಥ ಜಾಗ ಅಲ್ಲಿ ಅದಾವ. ಹಂಗಂತ ಹತ್ತು ವರ್ಷದ ಕೂಸಿನ್ನ ಅಲ್ಲಿ ಒಯ್ದು ಬಿಡಬ್ಯಾಡ್ರಿ. 12-13ರ ತನಕ ಇಲ್ಲೇ ಟೆಕ್ನಿಕ್ ಗಟ್ಟಿ ಮಾಡ್ಕೊಂಡು, ಸ್ಟೇಟ್ ಫೈನಲ್‌ಗೆ ಬರಾಕ ಶುರು ಆದ್ಮ್ಯಾಲೆ ಯೋಚ್ನಿ ಮಾಡ್ರಿ, ಅವಾಗ್ಲೂ ಇರಾಕ ಬಂಧುಗಳ ಮನಿ, ಇಲ್ಲ ಕ್ರೀಡಾ ಹಾಸ್ಟೆಲ್, ಮತ್ತ ಶಾಲಿ ವ್ಯವಸ್ಥಾ ಮೂರೂ ಕೂಡಿದ್ರ ಮಾತ್ರ. ಹೆಣ್ಮಕ್ಕಳು ದೊಡ್ಡೋರಾದ ಕೂಡ್ಲೆ ಪೂಲ್ ಬಿಡಿಸೋದು ನಮ್ಮ ಕಡಿ ಭಾಳ, ಕೈ ಮುಗದು ಕೇಳ್ತೀನಿ, ಬಿಡಿಸಬ್ಯಾಡ್ರಿ. ಮೊಣಕಾಲ ತನಕ ಬರೋ ಸೂಟ್ ಅದಾವ, ಬೆಳಗಿನ ಬ್ಯಾಚ್‌ಗೆ ಅವ್ವನೋ ಅಕ್ಕನೋ ದಂಡಿಗೆ ಕುಂದ್ರಲಿ. ಲಿಥುವೇನಿಯಾದ ರೂಟಾ ಮೈಲುಟಿಟೆ 15ಕ್ಕ 2012ರ ಲಂಡನ್ ಒಲಿಂಪಿಕ್ಸ್‌ನ್ಯಾಗ 100 ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ಲು, 2019ರಾಗ ಬಿಟ್ಳು, ತಿರುಗಿ ಬಂದು 2023ರಾಗ 50 ಮೀಟರ್‌ನ 29.16ಕ್ಕ ಈಜಿ ವಿಶ್ವದಾಖಲೆ ಮಾಡಿದ್ಲು. ಆ 50 ಮೀಟರ್ ಈಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಬಂದೈತಿ. ನಮ್ಮ ದೇಶದ ಸಂದೀಪ್ ಸೆಜ್ವಾಲ್ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ್ಯಾಗ ಕಂಚು ತಂದಿದ್ದೂ ಇದೇ 50 ಬ್ರೆಸ್ಟ್‌ಸ್ಟ್ರೋಕ್‌ನ್ಯಾಗ. ಗಟ್ಟಿಮುಟ್ಟು ಹುಡುಗ, 200ಕ್ಕ ಉಸಿರು ಸಾಲಂಗಿಲ್ಲ ಅಂದ್ರ ಅಲ್ಲಿ ದಾರಿ ಐತಿ.

ಓದು ಬಿಡಿಸೋ ಮಾತು ಯಾರೂ ಆಡಬ್ಯಾಡ್ರಿ. ಸಿಇಟಿಯಾಗ ಕ್ರೀಡಾ ಕೋಟಾ ಐತಿ, ಅದಕ್ಕ ಸರ್ಟಿಫಿಕೇಟ್ ಒರಿಜಿನಲ್ ಬೇಕು, ಜೊತಿಗೆ ನಮಗ 371(ಜೆ), ಅಂದ್ರ ಕಲ್ಯಾಣ ಕರ್ನಾಟಕದೋರ ಮೀಸಲಾತಿ, ಬ್ಯಾರೆ ಐತಿ, ಎರಡೂ ಕಾಗದ ಬ್ಯಾರೆ ಬ್ಯಾರೆ ಫೈಲ್‌ನ್ಯಾಗ ಜೋಪಾನ ಇಡ್ರಿ. ಡಿಗ್ರಿಗೆ ಬಂದ್ರ ಯೂನಿವರ್ಸಿಟಿ ಟೀಮಿನಿಂದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಮೀಟ್‌ಗೆ ಹೋಗ್ಬೋದು. ನೌಕ್ರಿಗೆ ರೈಲ್ವೇ, ಪೊಲೀಸ್, ಸೇನೆ ಕಡಿ ಕ್ರೀಡಾಪಟುಗಳನ್ನ ತಗೋತಾರ, ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಕೋರ್ಸ್ ಮಾಡಿದ್ರ ಕೋಚ್ ಆಗ್ಬೋದು, ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗೆ ಬ್ರೆಸ್ಟ್‌ಸ್ಟ್ರೋಕ್ ಕಾಲು ಹಿಂದಿಂದ ನಿಂತು ನೋಡೋ ಕೋಚ್‌ಗಳು ಭಾಳ ಬೇಕಾಗ್ಯಾರ.

ಹೊಸದಾಗಿ ಶುರು ಮಾಡೋರು ಮೊದಲ ವಾರ ತರಬೇಕಾದ್ದು: ಮೈಗೆ ಅಂಟೋ ಪಾಲಿಯೆಸ್ಟರ್ ಸೂಟ್ (ಬರ್ಮುಡಾ ಬ್ಯಾಡ, ನೀರು ತುಂಬಿ ಜಗ್ತೈತಿ), ಗಾಗಲ್ಸ್, ಕ್ಯಾಪ್, ಟವೆಲ್, ನೀರಿನ ಬಾಟ್ಲಿ, ಮತ್ತ ಇನ್ನೂರು ಪೇಜಿನ ಒಂದು ನೋಟ್‌ಬುಕ್. ಪೂಲಿಗೆ ಇಳಿಯೋಕ್ಕಿಂತ ಮುಂಚೆ ಸಾದಾ ನೀರಿಂದ ತಲಿ ತೋಯಿಸ್ಕೊಳ್ರಿ, ಕೂದ್ಲು ಕ್ಲೋರಿನ್ ಕುಡಿಯೋದು ಕಡಿಮಿ ಆಗ್ತೈತಿ. ನೋಟ್‌ಬುಕ್‌ನ್ಯಾಗ ತಾರೀಖು, 25 ಮೀಟರ್‌ಗೆ ಎಷ್ಟು ಎಳತ, ಎಷ್ಟು ಸೆಕೆಂಡ್, ಮೊಣಕಾಲು ಹೆಂಗೈತಿ, ಇಷ್ಟು ಹುಡುಗ ತನ್ನ ಕೈಲೆ ತಾನೇ ಬರೀಲಿ. ತಿಂಗಳ ಕೊನಿ ಭಾನುವಾರ ಆ ಪುಸ್ತಕ ತಗೊಂಡು ಬರ್ರಿ, ಕುಂತು ನೋಡೋಣು.